ಶಿಕ್ಕಾ ಬಿದ್ದ ಊರು

ಹೊರಗೆ ಮಳೆ ಬಿಟ್ಟಿಲ್ಲ. ಬೆಳಗಾವಿಯ ಇಂಥ ಮಳೆಯಲ್ಲೂ ಅಂಟಾರ್ಕ್ಟಿಕಾದ ಅಂಚೆಯ ಮಾತು ಕೇಳಲು ಬಂದು ಕೂತಿದ್ದೀರಿ, ಖುಷಿಯಾಯಿತು.

ಮೊದಲು ನನ್ನ ಒಂದು ತಪ್ಪು ಹೇಳಿಬಿಡುತ್ತೇನೆ. ಚಿಕ್ಕವನಿದ್ದಾಗ ಗೋವಾದಲ್ಲಿದ್ದ ಸೋದರಮಾವ ಒಂದು ಅಂಚೆ ಪಾಕೀಟು ತಂದುಕೊಟ್ಟಿದ್ದರು. ಅಂಟಾರ್ಕ್ಟಿಕಾದಲ್ಲಿದ್ದ ನಮ್ಮ ದೇಶದ ಸಂಶೋಧನಾ ಕೇಂದ್ರ ದಕ್ಷಿಣ ಗಂಗೋತ್ರಿಗೆ ಹೋಗಿ ಬಂದದ್ದು. ನಾನು ಅದನ್ನು ನೀರಿಗೆ ಹಾಕಿ ಅಂಚೆಚೀಟಿ ಬಿಡಿಸಿಕೊಂಡೆ. ಪಾಕೀಟು ಒಲೆ ಸೇರಿತು. ಚೀಟಿಯ ಮೂಲೆಯಲ್ಲಿ ಠಸ್ಸೆಯ ಒಂದು ಚೂರು ಉಳಿದಿದೆ, ಅಷ್ಟೇ. ಊರು, ತಾರೀಖು ಎಲ್ಲ ಬೂದಿಯಾಯಿತು. ಇವತ್ತಿಗೂ ನೆನಪಾದರೆ ಸಂಕಟವಾಗುತ್ತದೆ.

ಪೆಂಗ್ವಿನ್ ಚಿತ್ರದ ಚೀಟಿಯನ್ನು ಪೆಂಗ್ವಿನ್ ಇಲ್ಲದ ದೇಶಗಳೂ ಅಚ್ಚು ಹಾಕುತ್ತವೆ. ಚೆಂದ ಇರುತ್ತವೆ, ಬೇಡ ಅನ್ನುವುದಿಲ್ಲ. ಆದರೆ ಠಸ್ಸೆ, ನಮ್ಮ ಕಡೆ ಶಿಕ್ಕಾ ಅಂತೀವಲ್ಲ, ಅದು ಬೇರೆ. ಆ ಕಾಗದ ನಿಜವಾಗಿ ಆ ಚಳಿಗೆ ಹೋಗಿ ಬಂತು ಅನ್ನುವುದಕ್ಕೆ ಅದೇ ಸಾಕ್ಷಿ.

ಬ್ರಿಟಿಷ್ ಅನ್ವೇಷಕ ಶ್ಯಾಕಲ್ಟನ್ ಕಥೆ ಕೇಳಿ. 1908ರಲ್ಲಿ ಆತ ನಿಮ್ರೋಡ್ ಹಡಗಿನಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಟಾಗ ನ್ಯೂಜಿಲೆಂಡ್ ಸರ್ಕಾರ ಅವನನ್ನೇ ಪೋಸ್ಟ್‌ಮಾಸ್ಟರ್ ಮಾಡಿತು. ಒಂದು ಪೆನ್ನಿಯ ಕೆಂಪು ಚೀಟಿಗಳ ಮೇಲೆ ಅವನು ಇಳಿಯಬೇಕೆಂದಿದ್ದ ನೆಲದ ಹೆಸರು, 'ಕಿಂಗ್ ಎಡ್ವರ್ಡ್ 7 ಲ್ಯಾಂಡ್' ಅಂತ ಹಸಿರು ಮಸಿಯಲ್ಲಿ ಅಚ್ಚು ಹಾಕಿಕೊಟ್ಟಿತು. ಆದರೆ ಹಿಮ ದಾರಿ ಕೊಡಲಿಲ್ಲ. ಆ ನೆಲಕ್ಕೆ ಅವನು ಕಾಲಿಡಲೇ ಇಲ್ಲ. ಬಿಡಾರ ಹೂಡಿದ್ದು ರಾಸ್ ದ್ವೀಪದ ಕೇಪ್ ರಾಯ್ಡ್ಸ್‌ನಲ್ಲಿ. ಚೀಟಿ ಹೇಳುವ ಊರೇ ಒಂದು, ಜನ ಇದ್ದ ಜಾಗವೇ ಇನ್ನೊಂದು. ಆ ಪುಟ್ಟ ಚೀಟಿಯಲ್ಲಿ ತಲುಪಲಾಗದ ಒಂದು ಆಸೆ ಅಚ್ಚಾಗಿ ಕೂತಿದೆ. ನನಗೆ ಅದಕ್ಕಿಂತ ದೊಡ್ಡ ಚೀಟಿ ಇಲ್ಲ.

ಅಮೆರಿಕದ ಅನ್ವೇಷಕ ಬರ್ಡ್‌ನ ಅಂಟಾರ್ಕ್ಟಿಕಾ ಯಾತ್ರೆಯದು ಇನ್ನೊಂದು ಬಗೆ. 1933ರಲ್ಲಿ ಅದಕ್ಕೆಂದೇ 3 ಸೆಂಟಿನ ಚೀಟಿ ತಂದರು. ಪತ್ರ ಒಯ್ಯಲು ಮೇಲೆ 50 ಸೆಂಟ್. ಪತ್ರಗಳು ಎಷ್ಟು ಬಂದವೆಂದರೆ, ಕೊನೆಗೆ ಠಸ್ಸೆ ಒತ್ತಲು ಅಂಚೆ ಇಲಾಖೆಯ ಅಧಿಕಾರಿಯೊಬ್ಬರನ್ನೇ ಲಿಟಲ್ ಅಮೆರಿಕ ಶಿಬಿರಕ್ಕೆ ಕಳಿಸಬೇಕಾಯಿತು!

ಇವೆಲ್ಲ ದೂರದ ಮಾತು ಅನ್ನಬೇಡಿ. ಚೋರ್ಲಾ ಘಾಟ್ ಇಳಿದರೆ ಗೋವಾ, ಅಲ್ವಾ? ನಮ್ಮ ದೇಶದ ಮೊದಲ ಅಂಟಾರ್ಕ್ಟಿಕಾ ತಂಡ 1981ರ ಡಿಸೆಂಬರ್ 6ರಂದು ಹೊರಟದ್ದು ಅಲ್ಲಿಂದಲೇ. 1984ರಲ್ಲಿ ದಕ್ಷಿಣ ಗಂಗೋತ್ರಿಯಲ್ಲಿ ಅಂಚೆ ಕಚೇರಿ ಶುರುವಾಯಿತು, ಗೋವಾ ವಿಭಾಗದ ಕೆಳಗೆ. ಆ ಕೇಂದ್ರ ಹಿಮದಲ್ಲಿ ಹೂತುಹೋಗತೊಡಗಿದ ಮೇಲೆ 1990ರಲ್ಲಿ ಅಂಚೆ ಮೈತ್ರಿ ಕೇಂದ್ರಕ್ಕೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಭಾರತಿ ಕೇಂದ್ರದಲ್ಲೂ ತೆರೆದರು. ಅಲ್ಲಿಗೆ ಪೋಸ್ಟ್‌ಮ್ಯಾನ್ ದಿನಾ ಹೋಗುವುದಿಲ್ಲ. ಸಂಗ್ರಹಕಾರರ ಪಾಕೀಟುಗಳು ಗೋವಾದ ಧ್ರುವ ಸಂಶೋಧನಾ ಕೇಂದ್ರದಲ್ಲಿ ಒಟ್ಟಾಗುತ್ತವೆ, ವರ್ಷಕ್ಕೊಮ್ಮೆ ವಿಜ್ಞಾನಿಗಳ ಜೊತೆ ಹೋಗುತ್ತವೆ, ಠಸ್ಸೆ ಹಾಕಿಸಿಕೊಂಡು ವಾಪಸ್ ಬರುತ್ತವೆ. ಕಾಯಬೇಕು. ಕಾಯುವುದೇ ಈ ಹವ್ಯಾಸದ ಸವಿ.

ಅಂಟಾರ್ಕ್ಟಿಕಾದ ಪೋರ್ಟ್ ಲಾಕ್ರಾಯ್‌ನ ಬ್ರಿಟಿಷ್ ಅಂಚೆಮನೆಯಿಂದ ಪ್ರವಾಸಿಗರು ಕಳಿಸುವ ಪೋಸ್ಟ್‌ಕಾರ್ಡ್‌ಗಳೂ ಈಗ ಸುಲಭವಾಗಿ ಸಿಗುತ್ತವೆ. ಹೊಸಬರು ಅವುಗಳಿಂದ ಶುರುಮಾಡಬಹುದು. ಹಿಂಬದಿ ಬರೆದ ನಾಲ್ಕು ಸಾಲನ್ನೂ ಓದಿ, ಸುಮ್ನೆ ಚಿತ್ರ ನೋಡಿ ಇಡಬೇಡಿ.

ಇನ್ನು ನಮ್ಮೂರಿನ ತೊಂದರೆ. ಇಲ್ಲಿ ಮಳೆಗಾಲದಲ್ಲಿ ಥಂಡಿ ಜಾಸ್ತಿ. ಹಿಂಬದಿಯ ಅಂಟು ಒದ್ದೆಯಾಗಿ ಚೀಟಿ ಹಾಳೆಗೆ ಕಚ್ಚಿಕೊಳ್ಳುತ್ತದೆ, ಕಂದು ಚುಕ್ಕೆ ಏಳುತ್ತವೆ. ಆಲ್ಬಮ್ ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡಿ. ದಸರೆಗೆ ನೆರಳಲ್ಲಿ ಬಿಡಿಸಿ ಗಾಳಿಯಾಡಿಸಿ. ಬಿಸಿಲಿಗೆ ಬೇಡ, ಬಣ್ಣ ಹೋಗುತ್ತದೆ. ಲ್ಯಾಮಿನೇಶನ್ ಅಂತೂ ಮಾಡಿಸಲೇಬೇಡಿ.

ಈಗ ಮೈತ್ರಿಗೆ ಹೋಗಿ ಬಂದ ಈ ಪಾಕೀಟು ನಿಮ್ಮ ಕೈಗೆ ಕೊಡುತ್ತೇನೆ. ಅಂಚು ಹಿಡಿದು ನೋಡಿ, ಶಿಕ್ಕಾದ ಮೇಲೆ ಬೆರಳು ಇಡಬೇಡಿ. ಮುಂದಿನ ಸಾಲಿನ ಮಕ್ಕಳು ಮೊದಲು ನೋಡಲಿ.