ಮನೆಯವರ ಜೊತೆ ಬಂದವರು

ಎಲ್ಲರಿಗೂ ನಮಸ್ಕಾರ.

ಪುಣೆಗೆ ಹೊಸದಾಗಿ ಬಂದ ಕುಟುಂಬಗಳಿಗೆ ನಾಲ್ಕು ಮಾತು ಹೇಳಿ ಎಂದು ಸಂಘದವರು ಕೇಳಿದರು. ಇಲ್ಲಿ ಕೂತವರಲ್ಲಿ ಕೆಲವರು ಇನ್ನೂ ಸಾಮಾನಿನ ಡಬ್ಬಗಳನ್ನೇ ಬಿಚ್ಚಿಲ್ಲವಂತೆ. ಮುಂದಿನ ಸಾಲಿನಲ್ಲಿ ಇಬ್ಬರು ಅಜ್ಜಿಯರು ಕೂತಿದ್ದಾರೆ. ಇವತ್ತಿನ ಮಾತು ಮುಖ್ಯವಾಗಿ ಅವರ ಬಗ್ಗೆ.

ನಾವು ತುಮಕೂರಿನಿಂದ ಬಂದದ್ದು 2010ರ ಜೂನ್‌ನಲ್ಲಿ. ನಮ್ಮನೆಯವರಿಗೆ ಚಾಕಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ನಿಗಡಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಮಗಳು ಎರಡನೇ ಕ್ಲಾಸು. ಜೊತೆಗೆ ನಮ್ಮತ್ತೆ, ಆಗ ಅವರಿಗೆ 68 ವರ್ಷ. ಮೂರನೇ ದಿನ ಇವರು ಕೆಲಸಕ್ಕೆ ಹೊರಟರು. ಹತ್ತನೇ ದಿನ ಮಗಳು ಶಾಲೆಗೆ ಹೋದಳು. ಬೆಳಗ್ಗೆ ಎದ್ದರೆ ಅವರಿಬ್ಬರಿಗೂ ಹೋಗಲು ಒಂದು ಜಾಗ ಇತ್ತು. ಮಾತಾಡಿಸುವ ಜನ ಇದ್ದರು. ಮನೆಯಲ್ಲಿ ಉಳಿದವರು ಅತ್ತೆ ಮತ್ತು ನಾನು.

ಜನಗಣತಿಯವರು ಊರು ಬಿಟ್ಟದ್ದು ಯಾಕೆ ಎಂದು ಕೇಳುತ್ತಾರೆ. ಕೆಲಸಕ್ಕೆ, ಓದಿಗೆ, ಮದುವೆಯಾಗಿ ಎಂದೆಲ್ಲ ಉತ್ತರಗಳ ಪಟ್ಟಿ ಇರುತ್ತದೆ. ಅದರಲ್ಲಿ 'ಮನೆಯವರ ಜೊತೆ ಬಂದವರು' ಎಂಬುದೂ ಒಂದು. ಇದನ್ನು ತಿಳಿದ ದಿನ ನನಗೆ ಅತ್ತೆಯ ಮುಖ ಕಣ್ಣ ಮುಂದೆ ಬಂತು. ಕೆಲಸದ ಆರ್ಡರ್ ಯಾರ ಹೆಸರಿಗೆ ಬರುತ್ತದೋ ಅವರಿಗೆ ಹೊಸ ಊರು ಬೇಗ ಒಗ್ಗುತ್ತದೆ. ಅದರಲ್ಲಿ ಹೆಸರಿಲ್ಲದವರಿಗೆ ಎಷ್ಟೋ ತಡ. ಆದರೆ ನಾವು ಮನೆ ಹುಡುಕುವುದರಿಂದ ಹಿಡಿದು ಎಲ್ಲವನ್ನೂ ಕೆಲಸಕ್ಕೆ ಹೋಗುವವರ ಅನುಕೂಲ ನೋಡಿಯೇ ಮಾಡುತ್ತೇವೆ. ಇದನ್ನು ತಿರುಗಿಸಬೇಕು. ಮನೆಯಲ್ಲಿ ಉಳಿಯುವವರನ್ನು ನಡುವೆ ಇಟ್ಟುಕೊಂಡು ಹೊಸ ಊರಿನ ಬದುಕು ಹೂಡಬೇಕು.

ನಮ್ಮ ಮನೆಯ ರಾಗಿ ಕಥೆ ಹೇಳುತ್ತೇನೆ. ಅತ್ತೆಗೆ ಮಧ್ಯಾಹ್ನ ಮುದ್ದೆ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಅಲ್ಲ. ತಂದಿದ್ದ ಹಿಟ್ಟು ಮೂರು ವಾರಕ್ಕೆ ಮುಗಿಯಿತು. ನಾನು ಕಿರಾಣಿ ಅಂಗಡಿಗೆ ಹೋಗಿ, ಬರುವ ಅಷ್ಟಿಷ್ಟು ಹಿಂದಿಯಲ್ಲಿ ರಾಗಿ ಕೇಳಿದೆ. ಆತ ರಾಯಿ ಎಂದುಕೊಂಡು ಸಾಸಿವೆ ತಂದಿಟ್ಟ. ಇನ್ನೆರಡು ಅಂಗಡಿ ತಿರುಗಿದೆ, ಸಿಗಲಿಲ್ಲ. ಪುಣೆಯಲ್ಲಿ ರಾಗಿಯೇ ಇಲ್ಲ ಎಂದು ತೀರ್ಮಾನಿಸಿ ಊರಿನಿಂದ ಬಸ್ಸಿನಲ್ಲಿ ಹಿಟ್ಟು ತರಿಸಿಕೊಂಡೆವು. ಒಂದು ದಿನ ಅತ್ತೆಯೂ ಜೊತೆಗೆ ಬಂದರು. ಅಂಗಡಿಯ ಮೂಲೆಯಲ್ಲಿ ಗೋಣಿಚೀಲಗಳು ಇದ್ದವು. ಅವರು ಸೀದಾ ಹೋಗಿ ಒಂದು ಚೀಲಕ್ಕೆ ಕೈ ಹಾಕಿ, ಕಾಳು ಮುಷ್ಟಿಯಲ್ಲಿ ಹಿಡಿದು, "ಇದೇನಮ್ಮ ಇಲ್ಲೇ ಐತಲ್ಲ" ಎಂದರು. ಚೀಲದ ಮೇಲಿನ ಚೀಟಿಯಲ್ಲಿ 'ನಾಚಣಿ' ಎಂದು ಬರೆದಿತ್ತು. ರಾಗಿಗೆ ಮರಾಠಿಯಲ್ಲಿ ನಾಚಣಿ ಎನ್ನುತ್ತಾರೆ. ನಾನು ಆ ಅಂಗಡಿಗೆ ಎಷ್ಟೋ ಸಲ ಹೋಗಿದ್ದೆ, ಅದೇ ಚೀಲ ದಾಟಿಕೊಂಡು ಬಂದಿದ್ದೆ.

ಅವತ್ತು ಮನೆಗೆ ಬರುವಾಗ ಅತ್ತೆಯ ನಡಿಗೆಯೇ ಬೇರೆ ಇತ್ತು. ಬಂದ ಮೇಲೆ ಮೊದಲ ಸಲ ಈ ಊರಿನಲ್ಲಿ ಅವರು ಏನನ್ನೋ ಕಂಡುಹಿಡಿದಿದ್ದರು. ನಾವೆಲ್ಲ ಅವರನ್ನು ಜೋಪಾನ ಮಾಡುತ್ತಿದ್ದೆವು. ಬಿಸಿಲಿಗೆ ಬೇಡ, ಲಿಫ್ಟಿನಲ್ಲಿ ಒಬ್ಬರೇ ಬೇಡ, ರಸ್ತೆ ದಾಟಬೇಡಿ. ಜೋಪಾನ ಮಾಡುತ್ತಾ ಮಾಡುತ್ತಾ ನಾವೇ ಅವರನ್ನು ಮನೆಯೊಳಗೆ ಕೂರಿಸಿಬಿಟ್ಟಿದ್ದೆವು. "ಇಲ್ಲಿ ಗೋಡೆಗಳೇ ಜಾಸ್ತಿ ಕಣಮ್ಮ" ಎಂದು ಅವರು ಎಷ್ಟೋ ಸಲ ಹೇಳಿದ್ದು ನನಗೆ ಆಮೇಲೆ ಅರ್ಥವಾಯಿತು.

ಭಾಷೆಯ ವಿಷಯಕ್ಕೆ ಬರುತ್ತೇನೆ. ಮರಾಠಿ ನಮಗೆ ತೀರಾ ಹೊರಗಿನದಲ್ಲ. ಹಿಂದಿ ಅಕ್ಷರ ಗೊತ್ತಿದ್ದರೆ ಬೋರ್ಡುಗಳನ್ನು ಓದಬಹುದು. ಹಿಂದಿಯಲ್ಲಿ ಇಲ್ಲದ ನಮ್ಮ 'ಳ' ಇಲ್ಲಿದೆ. ತುಪ್ಪಕ್ಕೆ ತೂಪ್, ಕೊಬ್ಬರಿಗೆ ಖೋಬ್ರಂ. ಅಡಿಕೆ ಕತ್ತರಿಸುವ ನಮ್ಮ ಅಡಕತ್ತರಿ ಇಲ್ಲಿ ಅಡಕಿತ್ತಾ. ಅಕ್ಕ, ಅಣ್ಣ ಇಲ್ಲೂ ಇದ್ದಾರೆ. ಆದರೆ ತರಕಾರಿಯವನು 'ತಾಯಿ' ಎಂದು ಕರೆದರೆ ಅದು ತಾಯಿ ಅಲ್ಲ, ಅಕ್ಕ. ಅಮ್ಮನಿಗೆ ಇಲ್ಲಿ 'ಆಯಿ'. ಅಜ್ಜಿಗೆ 'ಆಜಿ'. ಕೆಳಗೆ ಆಡುವ ಮಕ್ಕಳು ಅತ್ತೆಯನ್ನು ಆಜಿ ಎಂದು ಕರೆದಾಗ ಅವರಿಗೆ ಅದು ಅಜ್ಜಿ ಎಂದೇ ಕೇಳಿಸಿತು. ತಿರುಗಿ ಮಾತಾಡಿಸಿದರು. ಕನ್ನಡದಲ್ಲೇ! ಮಕ್ಕಳು ಮರಾಠಿಯಲ್ಲಿ ಉತ್ತರ ಕೊಟ್ಟರು. ಹೀಗೇ ನಡೆಯಿತು.

ಮನೆಯಲ್ಲಿರುವವರಿಗೆ ಮೊದಲು ಹತ್ತು ಮಾತು ಕಲಿಸಿ. ಬೆಲೆ ಕೇಳಲು 'ಕೇವಢ್ಯಾಲಾ', ಆಟೋ ನಿಲ್ಲಿಸಲು 'ಥಾಂಬಾ', ಬಲಕ್ಕೆ 'ಉಜವೀಕಡೆ', ಎಡಕ್ಕೆ 'ಡಾವೀಕಡೆ'. ಎಲ್ಲಕ್ಕಿಂತ ಮುಖ್ಯ, 'ಮಲಾ ಥೋಡೀ ಮರಾಠಿ ಯೇತೆ', ನನಗೆ ಸ್ವಲ್ಪ ಮರಾಠಿ ಬರುತ್ತದೆ. ಇಷ್ಟು ಹೇಳಿದರೆ ಎದುರಿನವರು ನಿಧಾನವಾಗಿ ಮಾತಾಡುತ್ತಾರೆ. ಬಸ್ ನಂಬರ್ ಬರೆದುಕೊಡಿ. ಮನೆ ಹುಡುಕುವಾಗ ಆಫೀಸು ಎಷ್ಟು ದೂರ ಎಂದು ಕೇಳುತ್ತೀರಿ, ಸರಿ. ವಯಸ್ಸಾದವರು ನಡೆದು ಹೋಗುವಷ್ಟು ಹತ್ತಿರ ಸಂತೆ, ದೇವಸ್ಥಾನ, ಪಾರ್ಕು ಇದೆಯಾ ಎಂದೂ ಕೇಳಿ.

ನನಗೆ ಬಾಗಿಲು ತೆರೆದದ್ದು ಸಂಕ್ರಾಂತಿ. ಇಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿವರೆಗೆ ಮನೆಮನೆಯಲ್ಲಿ ಹಳದಿ ಕುಂಕು ಮಾಡುತ್ತಾರೆ. ನಮ್ಮ ಅರಿಶಿನ ಕುಂಕುಮವೇ. ಬಂದವರಿಗೆ ಸಣ್ಣದೊಂದು ವಸ್ತು ಕೊಡುತ್ತಾರೆ, ಅದಕ್ಕೆ 'ವಾಣ' ಎನ್ನುತ್ತಾರೆ. ಏಳು ತಿಂಗಳು ಸುಮ್ನೆ ನಕ್ಕು ಹೋಗುತ್ತಿದ್ದ ಎದುರು ಮನೆಯಾಕೆ ಅವತ್ತು ಬಂದು ಕರೆದರು. ಕೈಗೆ ಎಳ್ಳಿನ ಉಂಡೆ ಕೊಟ್ಟು, "ತಿಳಗೂಳ್ ಘ್ಯಾ, ಗೋಡ್ ಗೋಡ್ ಬೋಲಾ" ಎಂದರು. ಎಳ್ಳು ಬೆಲ್ಲ ತಗೊಳ್ಳಿ, ಸಿಹಿ ಸಿಹಿ ಮಾತಾಡಿ. ನಾವು ಚಿಕ್ಕವರಿದ್ದಾಗ ತಟ್ಟೆ ಹಿಡಿದು ಬೀದಿಯೆಲ್ಲ ಹೇಳಿಕೊಂಡು ಬಂದ ಮಾತೇ ಅಲ್ವಾ ಇದು? ನನಗೆ ಗಂಟಲು ಕಟ್ಟಿತು. ಮರುದಿನ ನಮ್ಮ ಮನೆಗೆ ಹನ್ನೊಂದು ಜನರನ್ನು ಕರೆದೆ. ಅತ್ತೆ ಸಕ್ಕರೆ ಅಚ್ಚು ಮಾಡಿದರು. ಅಚ್ಚುಗಳನ್ನು ಊರಿನಿಂದ ತಂದಿದ್ದರು, ನನಗೆ ಹೇಳಿರಲೇ ಇಲ್ಲ.

ಮರುವರ್ಷ ಜೂನ್‌ನಲ್ಲಿ ಪಾಲಖಿ, ಅಂದರೆ ಸಂತರ ಪಲ್ಲಕ್ಕಿ ಮೆರವಣಿಗೆ, ಬಂತು. ನೀವು ಇನ್ನೂ ನೋಡಿಲ್ಲದಿದ್ದರೆ ತಪ್ಪದೆ ನೋಡಿ. ದೇಹುವಿನಿಂದ ತುಕಾರಾಮರ ಪಾಲಖಿ, ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ ಹೊರಡುತ್ತವೆ. ಲಕ್ಷಾಂತರ ಜನ ಅವುಗಳ ಜೊತೆ ಮೂರು ವಾರದಷ್ಟು ನಡೆದು ಆಷಾಢ ಏಕಾದಶಿಗೆ ಪಂಢರಪುರ ಸೇರುತ್ತಾರೆ. ತುಕಾರಾಮರ ಪಾಲಖಿ ನಿಗಡಿಯ ಮೇಲೇ ಹೋಗುತ್ತದೆ. ಎದುರು ಮನೆಯ ಆಜಿ ಅತ್ತೆಯ ಕೈ ಹಿಡಿದು ಕರೆದುಕೊಂಡು ಹೋದರು. ತಾಳ, ಮೃದಂಗ, ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸರು, ಎಲ್ಲರ ಬಾಯಲ್ಲೂ ವಿಠ್ಠಲ. ಅತ್ತೆ ಪುರಂದರ ವಿಠ್ಠಲನ ಪದಗಳನ್ನು ಹೇಳಿಕೊಂಡೇ ಬೆಳೆದವರು. ಅವರಿಗೆ ಯಾರೂ ಏನೂ ಅನುವಾದ ಮಾಡಬೇಕಾಗಲಿಲ್ಲ. ಮರಾಠಿ ಸಂತರು ಈ ವಿಠ್ಠಲನನ್ನು 'ಕಾನಡಾ', ಅಂದರೆ ಕನ್ನಡದವನು, ಎಂದು ಕರೆದಿದ್ದಾರೆ ಎಂದು ನಾನು ಆಮೇಲೆ ಹೇಳಿದೆ. "ಮತ್ತೆ ನಮ್ಮೋನೇ ಅಲ್ವೇನಮ್ಮ" ಎಂದರು.

ಗದಗ ಜಿಲ್ಲೆಯ ಭೀಮಸೇನ ಜೋಶಿಯವರು ಈ ಊರಿನಲ್ಲಿ ನೆಲೆಸಿ, ಮರಾಠಿ ಅಭಂಗಗಳನ್ನೂ ಕನ್ನಡದ ದಾಸರ ಪದಗಳನ್ನೂ ಒಂದೇ ಪ್ರೀತಿಯಿಂದ ಹಾಡಿದರು. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಲ್ಲಿ ಅವರು ಶುರು ಮಾಡಿದ ಸಂಗೀತೋತ್ಸವ ಈಗ ಪುಣೆಯವರ ಮನೆಹಬ್ಬ. ಅತ್ತ ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಕನ್ನಡಕ್ಕೆ ವರಕವಿಯಾದರು. ಈ ದಾರಿ ಮೊದಲಿನಿಂದಲೂ ಎರಡೂ ಕಡೆ ನಡೆದ ದಾರಿ.

ಬೇಸರದ ದಿನಗಳೂ ಬರುತ್ತವೆ. 2022ರ ಡಿಸೆಂಬರ್‌ನಲ್ಲಿ ಗಡಿ ಜಗಳ ಬಿಸಿಯಾದಾಗ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಬೆಳಗಾವಿಯ ಹತ್ತಿರ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿತ್ತು. ಅವತ್ತು ನಾವು ಮನೆಯಲ್ಲೂ ಮೆಲ್ಲಗೆ ಕನ್ನಡ ಮಾತಾಡಿದೆವು. ಸಂಜೆ ಎದುರು ಮನೆಯವರು ಪೋಹೆ, ಅಂದರೆ ಅವಲಕ್ಕಿ, ಹಿಡಿದುಕೊಂಡು ಬಂದು ಒಂದು ಗಂಟೆ ಕೂತರು. ಬಸ್ಸಿನ ಮಾತು ಎತ್ತಲೇ ಇಲ್ಲ.

ಇನ್ನು ಕಾಗದಪತ್ರದ ಮಾತು, ಬೇಗ ಹೇಳಿ ಮುಗಿಸುತ್ತೇನೆ. ಇಲ್ಲಿ ಬಾಡಿಗೆ ಕರಾರಿಗೆ ಲೀವ್ ಅಂಡ್ ಲೈಸೆನ್ಸ್ ಎನ್ನುತ್ತಾರೆ. ಸಾಮಾನ್ಯವಾಗಿ 11 ತಿಂಗಳಿಗೆ ಬರೆಯುತ್ತಾರೆ. ಆದರೂ ನೋಂದಣಿ ಕಡ್ಡಾಯ, 1999ರ ಬಾಡಿಗೆ ಕಾನೂನು ಹಾಗೆ ಹೇಳುತ್ತದೆ. ಊರಿನ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಬೇಕು. ಅದಕ್ಕೆ ಮೊದಲು ಊರಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ತಮ್ಮ ಆಕ್ಷೇಪ ಇಲ್ಲ ಎನ್ನುವ ಪತ್ರ, ತರಬೇಕು. ನಮ್ಮ ಕೆಎ 06 ಸ್ಕೂಟರಿಗೆ ನಾವು ತಡ ಮಾಡಿ ಒದ್ದಾಡಿದ್ದೇವೆ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ಈಗ ಫಾರಂ 8. ಇದನ್ನು ಮನೆಯ ಎಲ್ಲರಿಗೂ ಮಾಡಿಸಿ, ಅಜ್ಜಿಯರಿಗೂ.

ಮಕ್ಕಳ ಬಗ್ಗೆ ಭಯ ಬೇಡ. 2020ರ ಕಾನೂನಿನಂತೆ ಇಲ್ಲಿನ ಎಲ್ಲ ಶಾಲೆಗಳೂ ಮರಾಠಿ ಕಲಿಸಬೇಕು. ಕರ್ನಾಟಕದಲ್ಲೂ ಕನ್ನಡಕ್ಕೆ 2015ರಲ್ಲಿ ಇಂಥದೇ ಕಾನೂನು ಬಂದಿದೆ. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಹಾಗೆ ಬಯಸುವವಳು ಪುಣೆಯಲ್ಲಿ ಮರಾಠಿ ಕಲಿಯಬೇಡವೇ? ಮಕ್ಕಳು ತಾವಾಗಿಯೇ ಕಲಿಯುತ್ತಾರೆ. ಕಷ್ಟ ಇರುವುದು ಅವರ ಕನ್ನಡ ಉಳಿಸುವುದರಲ್ಲಿ. ನಮ್ಮ ಮಗಳ ಕನ್ನಡ ಉಳಿದದ್ದು ಅತ್ತೆಯಿಂದ. ರಾತ್ರಿ ಅವರ ಪಕ್ಕ ಮಲಗಿ ಕಥೆ ಕೇಳುತ್ತಿದ್ದಳು. ಅವಳ ಮಾತಿನಲ್ಲಿ ಇವತ್ತಿಗೂ 'ಐತೆ', 'ಕಣಮ್ಮ' ಇವೆ. ಅಕ್ಷರವನ್ನು ನಾನು ಕಲಿಸಿದೆ, ಮಾತನ್ನು ಅವರು ಕೊಟ್ಟರು.

ಅತ್ತೆಗೆ ಈಗ ವಯಸ್ಸು 80 ದಾಟಿದೆ. ಮಂಡಿ ನೋವು ಅಂತ ಇವತ್ತು ಬರಲಿಲ್ಲ. ಮುಂದಿನ ಸಾಲಿನ ಅಜ್ಜಿಯರನ್ನು ಒಂದು ದಿನ ಮನೆಗೆ ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದ್ದಾರೆ. ಅಮ್ಮ, ಕಾಫಿ ಆದ ಮೇಲೆ ನಿಮ್ಮ ಮನೆ ಎಲ್ಲಿ ಎಂದು ನನಗೆ ಹೇಳಿ. ನಾನೇ ಬರುತ್ತೇನೆ. ದಾರಿಯಲ್ಲಿ ಆ ಕಿರಾಣಿ ಅಂಗಡಿಯನ್ನೂ ತೋರಿಸುತ್ತೇನೆ.