ಪಕ್ಕದ ರೂಮಿನ ಪ್ರಿಂಟರ್‌ಗೆ ಫೈಲ್ ಯಾಕೆ ಹೋಗಲಿಲ್ಲ?

[ತೆರೆಯ ಮೇಲೆ: ಲ್ಯಾಪ್‌ಟಾಪ್, ಎರಡು ರೂಟರ್, ಒಂದು ಪ್ರಿಂಟರ್]

ನಮಸ್ಕಾರ. ನನ್ನ ತಂಗಿ ತಿಪಟೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಹಾಲ್ ಟಿಕೆಟ್ ಪ್ರಿಂಟ್ ತೆಗೆಸೋಕೆ ಮಕ್ಕಳು ಸಾಲಾಗಿ ನಿಂತಿದ್ದ ದಿನ ಅವಳ ಫೋನ್ ಬಂತು. "ಅಣ್ಣಾ, ನೆಟ್ ಚೆನ್ನಾಗೇ ಬರ್ತಿದೆ, ಯೂಟ್ಯೂಬೂ ಓಡ್ತಿದೆ. ಪ್ರಿಂಟ್ ಮಾತ್ರ ಹೋಗ್ತಿಲ್ಲ. ಪ್ರಿಂಟರ್ ಕೆಟ್ಟೋಯ್ತಾ?"

ಪ್ರಿಂಟರ್ ಇದ್ದದ್ದು ಹಿಂದಿನ ರೂಮಿನಲ್ಲಿ, ಲ್ಯಾಪ್‌ಟಾಪಿನಿಂದ ಹತ್ತು ಹೆಜ್ಜೆ. ಎಲ್ಲಿಂದಲೋ ವಿಡಿಯೋ ಬರುತ್ತಿದೆ, ಹತ್ತು ಹೆಜ್ಜೆ ಆಚೆಗೆ ಒಂದು ಹಾಳೆ ಹೋಗುತ್ತಿಲ್ಲ. ಪ್ರಿಂಟರ್‌ಗೆ ಏನೂ ಆಗಿರಲಿಲ್ಲ. ಇದು ಯಾಕೆ ಹೀಗಾಯಿತು ಅಂತ ಗೊತ್ತಾದರೆ ಕಂಪ್ಯೂಟರುಗಳು ಡೇಟಾ ಹೇಗೆ ಕಳಿಸುತ್ತವೆ ಅನ್ನೋದೂ ಹೆಚ್ಚುಕಡಿಮೆ ಗೊತ್ತಾದ ಹಾಗೆ, ಅದಕ್ಕೇ ಇವತ್ತು ಇದನ್ನೇ ಹಿಡಿದುಕೊಂಡು ಮಾತಾಡೋಣ.

ಏನೇ ಕಳಿಸುವ ಮೊದಲೂ ನಿಮ್ಮ ಕಂಪ್ಯೂಟರ್ ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತದೆ: ಇವರು ನಮ್ಮ ಬೀದಿಯವರಾ, ಹೊರಗಿನವರಾ?

[ತೆರೆಯ ಮೇಲೆ: 192.168.1.7, ಅದರ ಕೆಳಗೆ 255.255.255.0]

ಮೇಲಿರೋದು ಲ್ಯಾಪ್‌ಟಾಪಿನ ಐಪಿ ಅಡ್ರೆಸ್. ಕೆಳಗಿರೋದು ಸಬ್‌ನೆಟ್ ಮಾಸ್ಕ್. ಮಾಸ್ಕ್‌ನಲ್ಲಿ 255 ಇರುವ ಕಡೆಯ ಅಂಕಿಗಳೆಲ್ಲ ಬೀದಿಯ ಹೆಸರು, 0 ಇರುವ ಕಡೆಯದು ಮನೆ ನಂಬರ್. ಅಂದರೆ 192.168.1 ಅನ್ನೋದು ಬೀದಿ, 7 ಅನ್ನೋದು ಮನೆ. ಕಳಿಸಬೇಕಾದ ಅಡ್ರೆಸ್ 192.168.1.20 ಆದರೆ ಅದೇ ಬೀದಿ. ಬೀದಿಯ ಹೆಸರು ಬೇರೆ ಏನಿದ್ದರೂ ಹೊರಗಿನದು. ಎಷ್ಟು ಹತ್ತಿರ ಇದೆ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರೋದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಮೊದಲು ಅದೇ ಬೀದಿಯ ಕಥೆ. ವೈಫೈ ಆಗಲಿ ಕೇಬಲ್ ಆಗಲಿ, ತಂತಿಯ ಮಟ್ಟದಲ್ಲಿ ಐಪಿ ಅಡ್ರೆಸ್ ಒಂದೇ ಸಾಲದು. ಅಲ್ಲಿ ಬೇಕಾಗೋದು ಮ್ಯಾಕ್ ಅಡ್ರೆಸ್, ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಇರುವ 48 ಬಿಟ್‌ನ ನಂಬರ್. (ಈಗಿನ ಫೋನುಗಳು ವೈಫೈಗೆ ಸೇರುವಾಗ ಕಾರ್ಡಿನ ನಂಬರ್ ಬದಲು ಬೇರೊಂದನ್ನು ತೋರಿಸುತ್ತವೆ, ನಮ್ಮನ್ನು ಯಾರೂ ಹಿಂಬಾಲಿಸಬಾರದು ಅಂತ. ಒಳ್ಳೆಯ ವ್ಯವಸ್ಥೆ.) ಲ್ಯಾಪ್‌ಟಾಪಿಗೆ ಪ್ರಿಂಟರ್‌ನ ಮ್ಯಾಕ್ ಗೊತ್ತಿಲ್ಲ. ಆಗ ಏನು ಮಾಡುತ್ತೆ? ಬೀದಿಗೆಲ್ಲ ಕೇಳುವ ಹಾಗೆ ಡಂಗುರ ಹೊಡೆಸುತ್ತದೆ! "192.168.1.20 ಯಾರ್ರೀ? ನಿಮ್ಮ ಮ್ಯಾಕ್ ಹೇಳಿ." ಎಲ್ಲರಿಗೂ ಕೇಳಿಸುತ್ತೆ, ಪ್ರಿಂಟರ್ ಮಾತ್ರ "ನಾನೇ, ಇದು ನನ್ನ ನಂಬರ್" ಅನ್ನುತ್ತೆ. ಇದಕ್ಕೆ ಎಆರ್‌ಪಿ ಅಂತ ಹೆಸರು. 1982ರಲ್ಲಿ ಬರೆದಿಟ್ಟ ನಿಯಮ, ಇವತ್ತಿಗೂ ನಿಮ್ಮ ಮನೆಯ ವೈಫೈನಲ್ಲಿ ದಿನವಿಡೀ ನಡೀತಾ ಇರುತ್ತೆ. ಉತ್ತರ ಸಿಕ್ಕ ಮೇಲೆ ಲ್ಯಾಪ್‌ಟಾಪ್ ಅದನ್ನು ಸ್ವಲ್ಪ ಹೊತ್ತು ಬರೆದಿಟ್ಟುಕೊಳ್ಳುತ್ತೆ, ಫೈಲ್ ನೇರ ಪ್ರಿಂಟರ್‌ಗೆ ಹೋಗುತ್ತೆ.

ಈ ಕೆಲಸಕ್ಕೆ ಇಂಟರ್‌ನೆಟ್ ಬೇಕಾಗಿಲ್ಲ ಅನ್ನೋದನ್ನು ಗಮನಿಸಿದಿರಾ? ರಸ್ತೆ ಅಗೆದು ನೆಟ್ ಕೇಬಲ್ ತುಂಡಾಗಿದ್ದರೂ ಇಂಥ ಪ್ರಿಂಟರ್‌ಗೆ ಪ್ರಿಂಟ್ ಹೋಗುತ್ತೆ. ವೈಫೈ ಬೇರೆ, ಇಂಟರ್‌ನೆಟ್ ಬೇರೆ. ಎಷ್ಟೋ ಜನ ಎರಡೂ ಒಂದೇ ಅಂದುಕೊಂಡಿದ್ದಾರೆ.

ಇನ್ನು ಹೊರಗಿನವರ ವಿಷಯ. ಡಂಗುರದ ಸದ್ದು ರೂಟರ್ ದಾಟಿ ಆಚೆ ಹೋಗುವುದಿಲ್ಲ. ಹೋಗುವ ಹಾಗಿದ್ದರೆ ಪ್ರಪಂಚದ ಎಲ್ಲ ಕಂಪ್ಯೂಟರುಗಳ ಕೂಗು ನಮ್ಮ ಮನೆಯಲ್ಲೂ ಕೇಳಿಸುತ್ತಿತ್ತು, ಕೆಲಸ ಮಾಡೋಕೇ ಆಗುತ್ತಿರಲಿಲ್ಲ. ಅದಕ್ಕೆ ಹೊರಗಿನ ಅಡ್ರೆಸ್ ಅಂತ ಗೊತ್ತಾದ ಕೂಡಲೇ ಲ್ಯಾಪ್‌ಟಾಪ್ ಅವರನ್ನು ಹುಡುಕುವ ಗೋಜಿಗೇ ಹೋಗದೆ ಪ್ಯಾಕೆಟ್ಟನ್ನು, ಅಂದರೆ ಕಳಿಸಬೇಕಾದ ಡೇಟಾದ ತುಂಡನ್ನು, ಗೇಟ್‌ವೇ ಕೈಗೆ ಕೊಡುತ್ತದೆ. ಗೇಟ್‌ವೇ ಅಂದರೆ ನಿಮ್ಮ ರೂಟರ್, ಸಾಮಾನ್ಯವಾಗಿ 192.168.1.1.

[ತೆರೆಯ ಮೇಲೆ: ಎರಡು ಚೀಟಿ ಅಂಟಿಸಿದ ಪ್ಯಾಕೆಟ್]

ಇಲ್ಲೇ ನನಗೆ ತುಂಬಾ ಇಷ್ಟವಾದ ಭಾಗ ಇರೋದು. ಪ್ಯಾಕೆಟ್ ಮೇಲೆ ಎರಡು ಚೀಟಿ ಇರುತ್ತವೆ. ಒಳಗಿನ ಚೀಟಿಯಲ್ಲಿ ಕೊನೆಗೆ ತಲುಪಬೇಕಾದ ಸರ್ವರ್‌ನ ಐಪಿ. ಹೊರಗಿನ ಚೀಟಿಯಲ್ಲಿ ರೂಟರ್‌ನ ಮ್ಯಾಕ್. ತಿಪಟೂರಿನಿಂದ ಬೀದರ್‌ಗೆ ಹೊರಟವರನ್ನು ನೆನೆಸಿಕೊಳ್ಳಿ. ಅರಸೀಕೆರೆ ಬಸ್, ಅಲ್ಲಿಂದ ಹುಬ್ಬಳ್ಳಿ ಬಸ್, ಆಮೇಲೆ ಬೀದರ್ ಬಸ್. ಹತ್ತುವ ಬಸ್ಸಿನ ಬೋರ್ಡು ಬದಲಾಗ್ತಾ ಇರುತ್ತೆ, ಹೋಗಬೇಕಾದ ಊರು ಮಾತ್ರ ಬೀದರ್ರೇ. ಹಾಗೇ ಪ್ರತಿ ರೂಟರ್ ಹೊರಗಿನ ಚೀಟಿ ಕಿತ್ತು, ಒಳಗಿನ ಐಪಿ ಓದಿ, ಮುಂದೆ ಯಾರಿಗೆ ಕೊಡಬೇಕು ಅಂತ ತನ್ನ ಪಟ್ಟಿ ನೋಡಿ, ಹೊಸ ಚೀಟಿ ಅಂಟಿಸಿ ಕಳಿಸುತ್ತದೆ. ಪೂರ್ತಿ ದಾರಿ ಯಾವ ರೂಟರ್‌ಗೂ ಗೊತ್ತಿಲ್ಲ. ಮುಂದಿನ ಒಂದು ಹೆಜ್ಜೆ ಗೊತ್ತು, ಅಷ್ಟೇ ಸಾಕು.

ದಾರಿ ತಪ್ಪಿ ಸುತ್ತುತ್ತಲೇ ಇದ್ದರೆ? ಅದಕ್ಕೂ ಲೆಕ್ಕ ಇದೆ. ವಿಂಡೋಸ್ ಪ್ರತಿ ಪ್ಯಾಕೆಟ್ಟಿಗೆ 128, ಆಂಡ್ರಾಯ್ಡ್ 64 ಅಂತ ಒಂದು ಅಂಕಿ ಬರೆದು ಕಳಿಸುತ್ತದೆ. ಒಂದೊಂದು ರೂಟರ್ ದಾಟಿದಾಗಲೂ ಒಂದು ಕಡಿಮೆ. ಸೊನ್ನೆಯಾದರೆ ಪ್ಯಾಕೆಟ್ ಬಿಸಾಕುತ್ತಾರೆ.

ಫೈಲ್ ಇಡಿಯಾಗಿ ಹೋಗೋದಿಲ್ಲ ಅನ್ನೋದೂ ಗೊತ್ತಿರಲಿ. ಒಂದು ಪ್ಯಾಕೆಟ್ಟಿನಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟ್. 3 ಎಂಬಿಯ ಒಂದು ಫೋಟೋ ಅಂದರೆ 2000ಕ್ಕೂ ಜಾಸ್ತಿ ಪ್ಯಾಕೆಟ್. ಕಳೆದುಹೋದದ್ದನ್ನು ಮತ್ತೆ ಕಳಿಸೋದು, ಹಿಂದೆಮುಂದೆ ಬಂದದ್ದನ್ನು ಜೋಡಿಸೋದು ಟಿಸಿಪಿ ಅನ್ನೋ ಇನ್ನೊಂದು ನಿಯಮದ ಕೆಲಸ. ವೇಗವೋ, ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಚೆನ್ನೈನಿಂದ ಸಮುದ್ರದಡಿ ಸಿಂಗಾಪುರಕ್ಕೆ ಹೋಗುವ ಒಂದು ಕೇಬಲ್ ಸುಮಾರು 3,200 ಕಿಲೋಮೀಟರ್ ಉದ್ದ. ಆ ತುದಿ ಮುಟ್ಟೋಕೆ 16 ಮಿಲಿಸೆಕೆಂಡ್!

ಇನ್ನೊಂದೇ ವಿಷಯ, ಆಮೇಲೆ ಪ್ರಿಂಟರ್‌ಗೆ ಬರೋಣ. ಹಳೆಯ ಪದ್ಧತಿಯ ಐಪಿ ಅಡ್ರೆಸ್‌ಗಳು ಇರೋದೇ ಸುಮಾರು 430 ಕೋಟಿ. ಪ್ರಪಂಚದ ಮುಖ್ಯ ದಾಸ್ತಾನಿನಲ್ಲಿ ಉಳಿದಿದ್ದ ಕೊನೆಯ ಕಂತುಗಳನ್ನು 2011ರ ಫೆಬ್ರವರಿಯಲ್ಲೇ ಹಂಚಿ ಮುಗಿಸಿದರು. ಈ ಕೊರತೆ ಬರುತ್ತೆ ಅಂತ ಅದಕ್ಕೂ ಮೊದಲೇ ಊಹಿಸಿ, 192.168ರಿಂದ ಶುರುವಾಗುವಂಥ ಕೆಲವು ಅಡ್ರೆಸ್‌ಗಳನ್ನು ಯಾರು ಬೇಕಾದರೂ ಮನೆಯೊಳಗೆ ಬಳಸಿಕೊಳ್ಳಬಹುದು ಅಂತ ಬಿಟ್ಟಿದ್ದಾರೆ. ನಿಮ್ಮ ಮನೆಯಲ್ಲೂ 192.168.1.7 ಇರಬಹುದು, ನನ್ನ ಮನೆಯಲ್ಲೂ ಇದೆ. ಹೊರಗೆ ಹೋಗುವಾಗ ರೂಟರ್ ಕಳಿಸಿದವರ ಹೆಸರು ಅಳಿಸಿ ತನ್ನ ಅಡ್ರೆಸ್ ಹಾಕುತ್ತದೆ, ಉತ್ತರ ಬಂದಾಗ ಪಟ್ಟಿ ನೋಡಿ ಸರಿಯಾದವರಿಗೆ ಕೊಡುತ್ತದೆ. ಇದೇ ನ್ಯಾಟ್. ಆದರೆ ಹೊರಗಿನ ಇಂಟರ್‌ನೆಟ್‌ನಲ್ಲಿ 192.168 ಅಂತ ಕೇಳಿದರೆ ದಾರಿ ಹೇಳುವವರು ಯಾರೂ ಇಲ್ಲ.

[ತೆರೆಯ ಮೇಲೆ: ಮತ್ತೆ ಅಂಗಡಿಯ ಚಿತ್ರ]

ಈಗ ತಂಗಿಯ ಅಂಗಡಿ. ಹಿಂದಿನ ರೂಮಿಗೆ ಸಿಗ್ನಲ್ ಸಿಗಲ್ಲ ಅಂತ ಹೋದ ವಾರ ಅಲ್ಲಿ ಎರಡನೇ ರೂಟರ್ ಹಾಕಿಸಿದ್ದಳು. ಪ್ರಿಂಟರ್ ಅದಕ್ಕೆ ಸೇರಿಕೊಂಡು 192.168.0.20 ಆಯಿತು. ಲ್ಯಾಪ್‌ಟಾಪ್ ಮುಂದಿನ ರೂಟರ್‌ನಲ್ಲೇ ಇತ್ತು, 192.168.1.7. ಮೂರನೇ ಅಂಕಿ ನೋಡಿ. ಬೀದಿಯೇ ಬೇರೆ! ಲ್ಯಾಪ್‌ಟಾಪ್ "ಹೊರಗಿನವರು" ಅಂತ ತೀರ್ಮಾನಿಸಿ ಮುಂದಿನ ರೂಟರ್‌ಗೆ ಕೊಟ್ಟಿತು. ಅದಕ್ಕೆ ಒಳಗಿನ ಎರಡನೇ ಬೀದಿ ಗೊತ್ತಿಲ್ಲ, ಹೊರಗೆ ನೆಟ್ ಕಂಪನಿ ಕಡೆ ಅಟ್ಟಿತು. ಪ್ಯಾಕೆಟ್ ಅಲ್ಲೇ ಎಲ್ಲೋ ಸತ್ತಿತು.

ಫೋನಿನಲ್ಲೇ ಹೇಳುತ್ತಾ ಸರಿಮಾಡಿಸಿದೆ. ಎರಡನೇ ರೂಟರ್‌ನ ಕೇಬಲ್ ಬಿಚ್ಚಿ, ಅದರ ಸೆಟ್ಟಿಂಗ್ಸ್‌ನಲ್ಲಿ ಅಡ್ರೆಸ್ಸನ್ನು 192.168.1.2 ಮಾಡಿ, ಅಡ್ರೆಸ್ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಿ, ಕೇಬಲ್ಲನ್ನು ಹೊರಗಿನ ನೆಟ್‌ಗೆ ಅಂತ ಇರುವ ವ್ಯಾನ್ ಪೋರ್ಟ್ ಬಿಟ್ಟು ಒಳಗಿನವರಿಗೆ ಅಂತ ಇರುವ ಲ್ಯಾನ್ ಪೋರ್ಟಿಗೆ ಹಾಕೋದು. ಆಗ ಎರಡೂ ರೂಮು ಒಂದೇ ಬೀದಿ, ಅಡ್ರೆಸ್ ಹಂಚೋದು ಮುಂದಿನ ರೂಟರ್ ಒಂದೇ. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದಳು. ಅದಕ್ಕೆ 192.168.1.20 ಸಿಕ್ಕಿತು. ಲ್ಯಾಪ್‌ಟಾಪಿನಲ್ಲಿ ಹೊಸ ಅಡ್ರೆಸ್ ಹಾಕುತ್ತಿದ್ದ ಹಾಗೇ ಫೋನಿನಲ್ಲಿ ನನಗೂ ಪ್ರಿಂಟರ್ ಸದ್ದು ಕೇಳಿಸಿತು. "ಬಂತು ಅಣ್ಣಾ, ಇಡ್ತೀನಿ, ಮಕ್ಕಳು ಕಾಯ್ತಿದಾರೆ" ಅಂತ ಫೋನ್ ಇಟ್ಟಳು.