ಪುಸ್ತಕ ಒಯ್ದವರ ವಹಿ

ಧಾರವಾಡ ಆಕಾಶವಾಣಿಯ ಕೇಳುಗರಿಗೆಲ್ಲ ಬಾಗಲಕೋಟೆಯ ಕನ್ನಡ ಮಾಸ್ತರನ ನಮಸ್ಕಾರ.

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಪತ್ರಿಕೆಯವರು ಪಟ್ಟಿ ಮಾಡಲು ಕೂಡುತ್ತಾರೆ. ವರ್ಷದ ಹತ್ತು ಪುಸ್ತಕ, ವರ್ಷದ ಹತ್ತು ಘಟನೆ, ಅಗಲಿದ ಗಣ್ಯರು. ಕನ್ನಡ ಮಾಸ್ತರ ಅಂದಮೇಲೆ ನನ್ನನ್ನೂ ಯಾರಾದರೂ ಕೇಳುತ್ತಾರೆ, ‘ಈ ವರ್ಷ ಯಾವ ಪುಸ್ತಕ ಚಲೋ ಬಂತ್ರಿ ಸರ್ರ?’ ಖರೆ ಹೇಳಬೇಕೆಂದರೆ, ಬಂದ ಪುಸ್ತಕಗಳಲ್ಲಿ ನಾನು ಓದಿದ್ದು ಕಾಲುಭಾಗವೂ ಇಲ್ಲ. ಪಟ್ಟಿ ಮಾಡುವ ಯೋಗ್ಯತೆ ನನಗಿಲ್ಲ. ಆದರೆ ನನ್ನ ಹತ್ತಿರ ಒಂದು ವಹಿ ಇದೆ.

ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿ. ಅಂಗಡಿಯವರು ದೀಪಾವಳಿಗೆ ತಂದು ಪೂಜೆ ಮಾಡುತ್ತಾರಲ್ಲ, ಅಂಥದ್ದು. ನಮ್ಮ ಮನೆಯಿಂದ ಯಾರು ಪುಸ್ತಕ ಒಯ್ದರೂ ಅದರಲ್ಲಿ ಬರೆದಿಡುತ್ತೇನೆ. ಹೆಸರು, ಪುಸ್ತಕ, ಒಯ್ದ ದಿನ, ತಂದ ದಿನ. ಈ ವರ್ಷ, 2025ರಲ್ಲಿ, 43 ಪುಸ್ತಕ ಹೊರಗೆ ಹೋದವು, 31 ಮರಳಿ ಬಂದವು. ‘ಇಷ್ಟರೊಳಗ ರೊಕ್ಕಾ ಸಾಲ ಕೊಟ್ಟಿದ್ರ ಬಡ್ಡಿಯಾದ್ರೂ ಬರ್ತಿತ್ತು’ ಅನ್ನುತ್ತಾಳೆ ನನ್ನ ಹೆಂಡತಿ. ಬಡ್ಡಿ ಬರುತ್ತದೆ. ಪುಸ್ತಕದ ಒಳಗೆ ಏನೇನೋ ಬರುತ್ತದೆ. ಅರಿಶಿನದ ಬೆರಳಚ್ಚು, ಒಣಗಿದ ಬೇವಿನೆಲೆ, ಪಾಸ್‌ಪೋರ್ಟ್ ಸೈಜಿನ ಫೋಟೋ. ಒಮ್ಮೆ ರೇಷನ್ ಕಾರ್ಡೂ ಬಂದಿತ್ತು. ಈಚೆಗೆ ಹೆಚ್ಚಾಗಿ ಬರುವುದು ಬಸ್ ಟಿಕೆಟ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಸೊನ್ನೆ ರೂಪಾಯಿ ಟಿಕೆಟ್ ಕೊಡುತ್ತಾರಲ್ಲ, ಅದನ್ನೇ ಗುರುತಿಗೆ ಇಟ್ಟಿರುತ್ತಾರೆ. ಕೆರೂರಿನಿಂದ, ಗುಳೇದಗುಡ್ಡದಿಂದ ದಿನಾ ಬಂದು ಹೋಗುವ ಹುಡುಗಿಯರು ಬಸ್ಸಿನಲ್ಲೇ ಓದುತ್ತಾರೆ. ಸೀಟು ಸಿಕ್ಕ ದಿನ ಇಪ್ಪತ್ತು ಪುಟ, ನಿಂತು ಬಂದ ದಿನ ಏನೂ ಇಲ್ಲ. ಟಿಕೆಟ್ ಎಲ್ಲಿ ಇದೆ ಅನ್ನುವುದರ ಮೇಲೆ ಓದು ಎಲ್ಲಿಗೆ ನಿಂತಿತು ಅಂತ ನನಗೆ ತಿಳಿಯುತ್ತದೆ. ಕೆಲವು ದೊಡ್ಡ ದೊಡ್ಡ ಕಾದಂಬರಿಗಳಲ್ಲಿ ಟಿಕೆಟ್ ಮೂವತ್ತನೆಯ ಪುಟ ದಾಟುವುದೇ ಇಲ್ಲ. ಯಾವ ಕಾದಂಬರಿ ಅಂತ ಇಲ್ಲಿ ಹೇಳುವುದಿಲ್ಲ. ಬರೆದವರು ಇನ್ನೂ ಇದ್ದಾರೆ.

ಈ ವಹಿಯಲ್ಲಿ ಮೇ ತಿಂಗಳ ಪುಟ ಸಾಮಾನ್ಯವಾಗಿ ಖಾಲಿ. ಕಾಲೇಜಿಗೆ ರಜೆ, ಊರೆಲ್ಲ ಬಿಸಿಲು, ಲಗ್ನ. ಈ ಸಲ ಹಾಗಾಗಲಿಲ್ಲ. ಮೇ 20ರ ರಾತ್ರಿ ಲಂಡನ್‌ನಲ್ಲಿ ಕಥೆಗಾರ್ತಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಮೊದಲ ಸಲ. ಸಣ್ಣಕಥೆಯ ಸಂಕಲನಕ್ಕೂ ಮೊದಲ ಸಲ. ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗಲೇ ಫೋನು ಶುರು. ‘ಸರ್ರ, ಆ ಬುಕ್ ಐತೇನ್ರಿ?’ ನನ್ನ ಹತ್ತಿರ ಅವರ ಹಳೆಯ ಸಂಕಲನ ಒಂದು ಇತ್ತು. ಎಷ್ಟೋ ವರ್ಷ ಕಪಾಟಿನಲ್ಲಿ ಸುಮ್ನೆ ಕೂತಿತ್ತು. ವಹಿ ಶುರು ಮಾಡಿದಾಗಿನಿಂದ ಒಂದು ಪುಸ್ತಕಕ್ಕೆ ಪಾಳಿ ಹಚ್ಚಿದ್ದು ಅದೇ ಮೊದಲು. ರೇಷನ್ ಅಂಗಡಿಯ ಹಾಗೆ ಒಂದು, ಎರಡು, ಮೂರು ಅಂತ ನಂಬರ್ ಹಾಕಿ ಹೆಸರು ಬರೆದೆ.

ಪಾಳಿಯಲ್ಲಿ ನಾಲ್ಕನೆಯವರು ನಮ್ಮ ಓಣಿಯ ಹಿರಿಯರು, ರಿಟೈರ್ ಆದವರು. ಓದಿಕೊಂಡವರೇ. ಅವರು ಪುಸ್ತಕ ತಿರುವಿ ನೋಡಿ ಕೇಳಿದರು: ‘ಇದು ಆ ಇಂಗ್ಲಿಷ್ ಪುಸ್ತಕದ ಕನ್ನಡ ಅನುವಾದೇನ್ರಿ?’

ನಾನು ಒಂದು ನಿಮಿಷ ಸುಮ್ಮನಾದೆ. ನಗುವಂತೆಯೂ ಇರಲಿಲ್ಲ. ತಪ್ಪು ಅವರದ್ದು ಅಂತ ನನಗೆ ಅನಿಸಲಿಲ್ಲ. ಬಾನು ಮುಷ್ತಾಕ್ ಹಾಸನದಲ್ಲಿ ಕೂತು ಕನ್ನಡದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕಥೆ ಬರೆದರು. ಅದರಲ್ಲಿ ಹನ್ನೆರಡನ್ನು ಆರಿಸಿ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ನಮ್ಮ ಹಿರಿಯರ ಕಿವಿಗೆ ಕಥೆಗಾರ್ತಿಯ ಹೆಸರು ಬಿದ್ದಿದ್ದು ಲಂಡನ್‌ನಿಂದ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದಕ್ಕೂ ಒಂದು ಕೈ ಮೇಲೆ. ಹಿತ್ತಲಲ್ಲಿ ಗಿಡ ಇದೆ ಅನ್ನುವುದೇ ಗೊತ್ತಿರಲಿಲ್ಲ.

ಇನ್ನೊಬ್ಬರು ಬಟ್ಟೆ ಅಂಗಡಿಯವರು. ಅವರಿಗೆ ಬೇಕಾಗಿದ್ದು ರೊಕ್ಕದ ಲೆಕ್ಕ. ಐವತ್ತು ಸಾವಿರ ಪೌಂಡು, ಬರೆದವರಿಗೆ ಅರ್ಧ, ಅನುವಾದ ಮಾಡಿದವರಿಗೆ ಅರ್ಧ ಅಂದೆ. ‘ಬರೋಬ್ಬರಿ ಅರ್ಧಾನ?’ ಅಂದರು. ‘ಹೌದ್ರಿ, ಬರೋಬ್ಬರಿ.’ ‘ಇದು ವ್ಯವಹಾರ ನೋಡ್ರಿ!’ ಅಂತ ತಲೆ ಆಡಿಸಿದರು. ವ್ಯಾಪಾರಿಗೆ ತಕ್ಷಣ ತಿಳಿದದ್ದು ನಮ್ಮ ಪ್ರಕಾಶನ ಲೋಕಕ್ಕೆ ಇನ್ನೂ ಪೂರ್ತಿ ತಿಳಿದಿಲ್ಲ ಅಂತ ನನಗೆ ಅನಿಸಿತು. ನನ್ನ ಕಪಾಟಿನಲ್ಲೇ ಅನುವಾದದ ಪುಸ್ತಕಗಳನ್ನು ತೆಗೆದು ನೋಡಿದೆ. ಎಷ್ಟೋ ಪುಸ್ತಕದ ಮುಖಪುಟದ ಮೇಲೆ ಅನುವಾದಕರ ಹೆಸರೇ ಇಲ್ಲ. ಒಳಗೆ ಎಲ್ಲೋ ಸಣ್ಣ ಅಕ್ಷರದಲ್ಲಿದೆ. ಇಷ್ಟು ವರ್ಷ ನಾನೂ ಗಮನಿಸಿರಲಿಲ್ಲ.

ಆ ಪುಸ್ತಕ ಗುಳೇದಗುಡ್ಡದ ವಿದ್ಯಾರ್ಥಿನಿಯ ಕೈ ಸೇರಿದಾಗ ಜುಲೈ. ಮನೆಯಲ್ಲಿ ಖಣ ನೇಯುವವರು. ಹದಿನೈದು ದಿನಕ್ಕೆ ತಂದುಕೊಟ್ಟಳು. ಕೊನೆಯ ಪುಟದಲ್ಲಿ ಟಿಕೆಟ್ ಇತ್ತು, ಅಂದರೆ ಪೂರ್ತಿ ಓದಿದ್ದಾಳೆ. ಹೆಂಗಿತ್ತು ಅಂದೆ. ‘ಚಲೋ ಐತ್ರಿ. ಆದ್ರ ಈ ಗಂಡಸ್ರು ಬರೇ ಹೊರಗ ಹೊಕ್ಕಾರ, ಒಳಗ ಬರ್ತಾರ. ಅವರಿಗೆ ಬ್ಯಾರೆ ಕೆಲಸ ಇಲ್ಲೇನ್ರಿ?’ ಸೆಮಿನಾರುಗಳಲ್ಲಿ ನಾನು ಇದಕ್ಕಿಂತ ಉದ್ದದ ವಿಮರ್ಶೆ ಕೇಳಿದ್ದೇನೆ. ಇದಕ್ಕಿಂತ ಚೂಪಾದದ್ದನ್ನು ಈ ವರ್ಷ ಕೇಳಲಿಲ್ಲ.

ಸಾವುಗಳೂ ಆದವು. ಮೇ 30ಕ್ಕೆ ಎಚ್.ಎಸ್. ವೆಂಕಟೇಶಮೂರ್ತಿ ಹೋದರು. ಆ ದಿನ ಎಲ್ಲರ ಸ್ಟೇಟಸ್‌ನಲ್ಲೂ ಅವರ ಭಾವಗೀತೆ. ಆ ವಾರ ನನ್ನ ಮನೆಯಿಂದ ಒಂದಾದರೂ ಕವನ ಸಂಕಲನ ಹೋಯಿತೇ ಅಂದರೆ, ಇಲ್ಲ. ಹಾಡು ಕೇಳಿದರೆ ಸಾಕು ಅನಿಸಿರಬೇಕು. ತಪ್ಪೇನಿಲ್ಲ ಬಿಡಿ. ಸೆಪ್ಟೆಂಬರ್ 24ಕ್ಕೆ ಎಸ್.ಎಲ್. ಭೈರಪ್ಪ ಹೋದರು, 94 ವರ್ಷ. ಅಂದು ಸಂಜೆ ಮೂವರು ಬಂದರು, ಮೂರು ಕಾದಂಬರಿ ಒಯ್ದರು. ನಮ್ಮ ಸ್ಟಾಫ್ ರೂಮಿನಲ್ಲಿ ಅವರ ಬಗ್ಗೆ ಜಗಳ ಇಲ್ಲದ ವರ್ಷ ಇರಲಿಲ್ಲ. ಅವತ್ತು ಜಗಳ ಆಡುವವರಿಬ್ಬರೂ ಒಂದೇ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಮರುದಿನ ಮತ್ತೆ ಶುರು ಆಯಿತು. ಅಷ್ಟು ಓದಿಸಿಕೊಂಡು ಅಷ್ಟು ಬೈಸಿಕೊಂಡವರು ನಮ್ಮಲ್ಲಿ ಕಡಿಮೆ.

ಇದೇ ವರ್ಷ ನಮ್ಮ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಬದುಕಿರುವ ಹಿರಿಯ ಸಾಹಿತಿಯೊಬ್ಬರಿಗೂ ಶ್ರದ್ಧಾಂಜಲಿ ಬಂತು. ನಲವತ್ತು ಜನ ಕೈ ಮುಗಿದರು, ಒಬ್ಬರೂ ವಿಚಾರಿಸಲಿಲ್ಲ. ನಮ್ಮ ಅಪ್ಪ ಹೊಲದ ಬದುವಿನ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕೇಳುತ್ತಿದ್ದ. ಪೇಪರಿನಲ್ಲಿ ಬಂದಿದ್ದನ್ನೂ ಅನುಮಾನ ಮಾಡುತ್ತಿದ್ದ. ‘ರೇಡಿಯೋದಾಗ ಬರ್ಲಿ, ಆಮ್ಯಾಲ ನೋಡೂಣು’ ಅನ್ನುತ್ತಿದ್ದ. ಧಾರವಾಡ ಆಕಾಶವಾಣಿಗೆ ಈ ವರ್ಷದ ಜನವರಿಗೆ 75 ತುಂಬಿತು. ಇಲ್ಲಿ ಕೂತು ಮಾತಾಡುವಾಗ ಅಪ್ಪನ ಆ ಮಾತು ನೆನಪಾಗಿ ಸ್ವಲ್ಪ ಹೆದರಿಕೆ ಆಗುತ್ತದೆ.

ನವೆಂಬರ್‌ನ ಸುದ್ದಿ ನಿಮಗೆಲ್ಲ ಗೊತ್ತು. ಕಬ್ಬಿನ ಬೆಲೆ. ಪಕ್ಕದ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೇಕು ಅಂತ ರಸ್ತೆಯಲ್ಲೇ ಕೂತರು. ಸರ್ಕಾರ 3,300 ಅಂದಿತು. ನಮ್ಮ ಮುಧೋಳ ಕಡೆಯೂ ಕಾವು ಏರಿತು. ಆ ವಾರಗಳಲ್ಲಿ ನನ್ನ ಕ್ಲಾಸಿನ ಅರ್ಧ ಬೆಂಚು ಖಾಲಿ. ಎಲ್ಲಿಗೆ ಹೋಗಿದ್ದಾರೆ ಅಂತ ಕೇಳುವ ಅಗತ್ಯವೇ ಇರಲಿಲ್ಲ.

ರನ್ನ ಬೆಳಗಲಿ ಕಡೆಯ ಹುಡುಗ ಒಬ್ಬ ನನ್ನಿಂದ ದಪ್ಪ ಕಾದಂಬರಿ ಒಯ್ದಿದ್ದ. ಈ ಊರಿನ ಹೆಸರು ಬಂದಾಗಲೆಲ್ಲ ನನಗೆ ಒಂದು ಖುಷಿ. ಹತ್ತನೆಯ ಶತಮಾನದ ಕವಿ ಬಸ್ಸಿನ ಬೋರ್ಡಿನ ಮೇಲೆ ಕೂತು ದಿನಾ ಓಡಾಡುವುದು ಬೇರೆ ಎಲ್ಲಿ ಸಿಗುತ್ತದೆ? ಇರಲಿ. ಹುಡುಗ ಪುಸ್ತಕವನ್ನು ಧರಣಿಗೂ ಒಯ್ದ. ರಾತ್ರಿ ಹೊತ್ತು ಟೆಂಟಿನೊಳಗೆ ನಿದ್ದೆ ಬಾರದೆ ಓದುತ್ತಿದ್ದನಂತೆ. ಪಕ್ಕದಲ್ಲಿ ಮಲಗಿದ ಮುದುಕ, ‘ಒಬ್ಬನ ಏನ ಓದತೀಯೋ, ಜ್ವಾರಲೆ ಓದು’ ಅಂದನಂತೆ. ಮೂರು ರಾತ್ರಿ ಓದಿದ. ನಾಲ್ಕನೆಯ ದಿನ ಬೆಲೆಯ ಮಾತು ಬಂತು, ಎಲ್ಲರೂ ಎದ್ದು ಹೋದರು, ಕಥೆ ಅರ್ಧಕ್ಕೆ ನಿಂತಿತು. ‘ಮುಂದೇನಾತು ಅಂತ ಆ ಮುತ್ಯಾ ಫೋನ್ ಮಾಡಿ ಕೇಳತಾನ್ರಿ ಸರ್ರ’ ಅಂದ. ಪುಸ್ತಕ ಮರಳಿ ಬಂದಾಗ ಅದರ ಬೆನ್ನಿಗೆ ಕಬ್ಬಿನ ಹಾಲು ಅಂಟಿ ಇರುವೆ ಹತ್ತಿದ್ದವು. ಎರಡು ದಿನ ಬಿಸಿಲಿಗೆ ಇಟ್ಟೆ. ಈಗಲೂ ತೆರೆದರೆ ಬೆಲ್ಲದ ಗಾಣದ ವಾಸನೆ.

ಮೊನ್ನೆ, ಎಳ್ಳ ಅಮಾವಾಸ್ಯೆ ಮುಗಿಸಿಕೊಂಡು, ಹುಡುಗರನ್ನು ಬಾದಾಮಿಗೆ ಕರೆದೊಯ್ದಿದ್ದೆ. ಎಲ್ಲರೂ ಗುಹೆ ನೋಡಲು ಓಡುತ್ತಾರೆ. ನಾನು ಮೊದಲು ಕಪ್ಪೆ ಅರಭಟ್ಟನ ಬಂಡೆಯ ಹತ್ತಿರ ನಿಲ್ಲಿಸುತ್ತೇನೆ. ಸುಮಾರು 1,300 ವರ್ಷದ ಹಿಂದಿನ ಶಾಸನ. ಕನ್ನಡದ ತ್ರಿಪದಿ ಮೊದಲು ಸಿಗುವುದು ಅಲ್ಲೇ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್, ಮಾಧವನೀತನ್ ಪೆರನಲ್ಲ.’ ನನ್ನ ಅಜ್ಜಿ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳೂ ಇದೇ ಮೂರು ಸಾಲಿನವು. ಅದೇ ಧಾಟಿಯಲ್ಲಿ ಶಾಸನ ಹಾಡಿ ತೋರಿಸಿದೆ. ಹುಡುಗರು ನಕ್ಕರು. ನನ್ನ ದನಿ ಅಷ್ಟೇನೂ ಚೆನ್ನಾಗಿಲ್ಲ.

ಮಧ್ಯಾಹ್ನ ಬನಶಂಕರಿಗೆ ಹೋದೆವು. ಅಲ್ಲಿ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕೆಂಪು ಖಾರ, ಗಡಿಗೆ ಮೊಸರು ತಂದು ಬಡಿಸುವ ಹೆಣ್ಣುಮಕ್ಕಳು ಗೊತ್ತಲ್ಲ. ಊಟಕ್ಕೆ ಕೂತಾಗ ಹುಡುಗರು ಇನ್ನೂ ಆ ಸಾಲನ್ನೇ ಅಣಕಿಸಿ ಹಾಡುತ್ತಿದ್ದರು. ಬಡಿಸುತ್ತಿದ್ದ ಅಮ್ಮ ಕೇಳಿದಳು, ‘ಏನ್ರಿ ಅದು?’ ಬಂಡೆ ಮೇಲೆ ಬರೆದದ್ದು ಅಂದೆ. ಅರ್ಥ ಬಿಡಿಸಿ ಹೇಳಿದೆ: ಒಳ್ಳೆಯವರಿಗೆ ಒಳ್ಳೆಯವ, ಸವಿಯಾಗಿ ಇದ್ದವರಿಗೆ ಸವಿ, ಕಾಡಲು ಬಂದವರಿಗೆ ಮಾತ್ರ ಬಹಳ ಕೆಟ್ಟವ. ಅವಳು ರೊಟ್ಟಿ ಹಾಕುತ್ತಾ ಅಂದಳು: ‘ಇಷ್ಟ ಹೇಳಾಕ ಕಲ್ಲ ಕೆತ್ತಬೇಕಿತ್ತೇನ್ರಿ? ನಮ್ಮ ಅತ್ತಿ ಹಂಗ ಇದ್ಲು.’

ಇನ್ನು ಒಂದು ವಾರಕ್ಕೆ, ಜನವರಿ 3ಕ್ಕೆ, ಬನದ ಹುಣ್ಣಿಮೆ. ಬನಶಂಕರಿ ತೇರು. ಜಾತ್ರೆ ತಿಂಗಳತನಕ ನಡೆಯುತ್ತದೆ, ನಾಟಕ ಕಂಪನಿಗಳು ಟೆಂಟು ಹಾಕುತ್ತವೆ. ನಾನು ಪ್ರತಿ ವರ್ಷ ಹೋಗುತ್ತೇನೆ, ಸಹೋದ್ಯೋಗಿಗಳು ಮೂಗು ಮುರಿಯುತ್ತಾರೆ. ಅವರು ಹೇಳುವುದರಲ್ಲೂ ಸತ್ಯ ಇದೆ. ಎರಡರ್ಥದ ಮಾತು ಈಗ ಅತಿಯಾಗಿದೆ. ಆದರೂ ಚಳಿಯಲ್ಲಿ ಕಂಬಳಿ ಹೊದ್ದು ಸಾವಿರ ಜನ ಟಿಕೆಟ್ ತಗೊಂಡು ರಾತ್ರಿಯೆಲ್ಲ ಕನ್ನಡದ ಮಾತು ಕೇಳಲು ಕೂಡುತ್ತಾರೆ. ನನ್ನ ಕ್ಲಾಸಿಗೆ ಹಾಜರಿ ಕಡ್ಡಾಯ ಮಾಡಿದರೂ ಅಷ್ಟು ಜನ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ, ಮರಳಿ ಬಾರದ ಆ 12 ಪುಸ್ತಕದವರು ಈ ಮಾತು ಕೇಳುತ್ತಿದ್ದರೆ ಅವರಿಗೆ ನಾಲ್ಕು ಮಾತು ಅನ್ನೋಣ ಅಂತ ಬರೆದುಕೊಂಡು ಬಂದಿದ್ದೆ. ನಿನ್ನೆ ರಾತ್ರಿ ನನ್ನ ಹೆಂಡತಿ ಅದನ್ನು ಓದಿ, ಕಪಾಟಿನ ಕೆಳಗಿನ ಸಾಲಿನಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟಳು.

ಅದು ಹಳೇ ಬಾಗಲಕೋಟೆಯ ಓಣಿಯೊಂದರ ವಾಚನಾಲಯದ್ದು. ಒಂದೇ ಕೋಣೆ, ಎರಡು ಕಪಾಟು, ಒಂದು ಉದ್ದನೆಯ ಬೆಂಚು. ಒಳಗೆ ಇನ್ನೂ ನೀಲಿ ಮುದ್ರೆ ಇದೆ. ಒಯ್ದ ದಿನ 4 ಫೆಬ್ರವರಿ 2002. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುತ್ತದೆ ಅಂತ ನಾವೆಲ್ಲ ಮನೆ ಬಿಟ್ಟು ನವನಗರಕ್ಕೆ ಬರುತ್ತಿದ್ದ ಕಾಲ ಅದು. ಪರಿಹಾರದ ಅಳತೆಗೆ ಬಂದವರು ಬಾಗಿಲು ಎಣಿಸಿದರು, ಕಿಟಕಿ ಎಣಿಸಿದರು, ಹಿತ್ತಲಿನ ನುಗ್ಗೆ ಗಿಡ ಎಣಿಸಿದರು. ಪುಸ್ತಕ ಯಾರೂ ಎಣಿಸಲಿಲ್ಲ. ನಾನು ಗಂಟು ಮೂಟೆ ಕಟ್ಟುವ ಗಡಿಬಿಡಿಯಲ್ಲಿ ಇದನ್ನೂ ಕಟ್ಟಿಬಿಟ್ಟೆ. ಆಮೇಲೆ ಕೊಡಲು ಹೋದರೆ ಬೀಗ, ಇನ್ನೊಮ್ಮೆ ಹೋದರೆ ಬಾಗಿಲೇ ಇಲ್ಲ. ಬಾಗಿಲು ಚೌಕಟ್ಟು ಕಿತ್ತು ಒಯ್ದಿದ್ದರು. ಆ ಎರಡು ಕಪಾಟು ಎಲ್ಲಿ ಹೋದವು ಅಂತ ವಿಚಾರಿಸಿದೆ, ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ನಾನೂ ಬಿಟ್ಟುಬಿಟ್ಟೆ.

ಹಿಂದಿನ ರಟ್ಟಿಗೆ ನಿಯಮದ ಚೀಟಿ ಅಂಟಿಸಿದ್ದಾರೆ. ಹದಿನೈದು ದಿನ ಇಟ್ಟುಕೊಳ್ಳಬಹುದು, ಆಮೇಲೆ ದಿನಕ್ಕೆ ಐದು ಪೈಸೆ ದಂಡ. ಹೆಂಡತಿ ಬ್ಯಾಂಕಿನಲ್ಲಿ ಇದ್ದವಳು, ಅಲ್ಲೇ ಕೂತು ಲೆಕ್ಕ ಮಾಡಿದಳು. ಇಂದಿಗೆ, ಡಿಸೆಂಬರ್ 28ಕ್ಕೆ, 8,713 ದಿನ. 435 ರೂಪಾಯಿ 65 ಪೈಸೆ.

ಆ ವಾಚನಾಲಯ ನಡೆಸುತ್ತಿದ್ದವರು, ಅವರ ಮಕ್ಕಳು, ಯಾರಾದರೂ ಕೇಳುತ್ತಿದ್ದರೆ ದಯವಿಟ್ಟು ಆಕಾಶವಾಣಿಗೆ ಒಂದು ಕಾರ್ಡು ಹಾಕಿ. ಪುಸ್ತಕಕ್ಕೆ ಹೊಸ ರಟ್ಟು ಹಾಕಿಸಿದ್ದೇನೆ. ದಂಡದ ರೊಕ್ಕವನ್ನು ಅದರೊಳಗೇ ಇಟ್ಟಿದ್ದೇನೆ. 65 ಪೈಸೆ ಮಾತ್ರ ಈಗ ಎಲ್ಲೂ ಸಿಗುವುದಿಲ್ಲ, ಅದೊಂದು ಬಿಟ್ಟುಕೊಡಬೇಕು.

ನಮಸ್ಕಾರ.